ಶಿಗೆಲ್ಲಾ: ಭೇದಿ ನಿಂತ ಮೇಲೂ ಕೈ ತೊಳೆಯಬೇಕು

ಕಾಲರಾ ಹತ್ತಬೇಕಾದರೆ ಸಾಮಾನ್ಯವಾಗಿ ಲಕ್ಷಗಟ್ಟಲೆ ರೋಗಾಣುಗಳು ಹೊಟ್ಟೆ ಸೇರಬೇಕು. ರಕ್ತಭೇದಿ ತರುವ ಶಿಗೆಲ್ಲಾ ಬ್ಯಾಕ್ಟೀರಿಯಾ ಹತ್ತಲು 10ರಿಂದ 100 ಸಾಕು, ಏಕೆಂದರೆ ಜಠರದ ಆಮ್ಲ ಇದನ್ನು ಸುಲಭವಾಗಿ ಕೊಲ್ಲಲಾರದು. ಹೀಗಾಗಿ ಕಾಯಿಸಿ ಆರಿಸಿದ ನೀರನ್ನೇ ಕುಡಿಯುವ ಮನೆಯಲ್ಲೂ ಇದು ಒಬ್ಬರಿಂದ ಒಬ್ಬರಿಗೆ ದಾಟುತ್ತದೆ, ಕೈಗಳ ಮೂಲಕ.

1897ರಲ್ಲಿ ಜಪಾನಿನ ಕಿಯೋಶಿ ಶಿಗಾ ಗುರುತಿಸಿದ ಈ ಬ್ಯಾಕ್ಟೀರಿಯಾ ದೊಡ್ಡ ಕರುಳಿನ ಒಳಪದರಕ್ಕೆ ನುಗ್ಗಿ, ಕೋಶದಿಂದ ಕೋಶಕ್ಕೆ ಹಾಯುತ್ತಾ ಹುಣ್ಣು ಮಾಡುತ್ತದೆ. ಸೋಂಕು ತಗುಲಿದ ಒಂದೆರಡು ದಿನಕ್ಕೆ ಜ್ವರ, ಹೊಟ್ಟೆನುಲಿತ. ಆಮೇಲೆ ಲೋಳೆ, ರಕ್ತ. ಎಷ್ಟು ತಿಣುಕಿದರೂ ಹೋಗುವುದು ಸ್ವಲ್ಪವೇ, ಹೋಗಿ ಬಂದರೂ ಇನ್ನೂ ಹೋಗಬೇಕೆನಿಸುತ್ತದೆ.

ಮಗುವಿನ ಕೊಳೆಯಾದ ಚಡ್ಡಿ ಒಗೆದ ಕೈ, ಕಕ್ಕಸಿನ ಚಿಲಕ, ತೆರೆದಿಟ್ಟ ತಿಂಡಿಯ ಮೇಲೆ ಕೂತ ನೊಣ, ಇವೇ ಇದರ ದಾರಿ. ಬಿಸಿ ಸಾರಿಗಿಂತ ಕೋಸಂಬರಿ, ಹೆಚ್ಚಿಟ್ಟ ಹಣ್ಣಿನಿಂದ ಅಪಾಯ ಹೆಚ್ಚು, ಕೈ ತಾಗಿದ ಮೇಲೆ ಅವು ಮತ್ತೆ ಬೇಯುವುದಿಲ್ಲವಲ್ಲ. 2022ರಲ್ಲಿ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದು ಅಸ್ವಸ್ಥರಾದವರಲ್ಲಿ ಶಿಗೆಲ್ಲಾ ಪತ್ತೆಯಾಗಿತ್ತು.

ಜನ ಎಡವುವುದು ಗುಣವಾದ ಮೇಲೆ. ಭೇದಿ ನಿಂತರೂ ಮಲದಲ್ಲಿ ರೋಗಾಣು ಒಂದರಿಂದ ನಾಲ್ಕು ವಾರ ಹೋಗುತ್ತಿರಬಹುದು. ಗುಣವಾದವರು ಕನಿಷ್ಠ ಎರಡು ವಾರ ಇತರರಿಗೆ ಅಡುಗೆ ಮಾಡದಿರುವುದು ಒಳ್ಳೆಯದು. ಬೇರೆ ದಾರಿಯಿಲ್ಲದಿದ್ದರೆ ಸೋಪು ಹಚ್ಚಿ 20 ಸೆಕೆಂಡು, ಉಗುರಿನ ಸಂದಿಯನ್ನೂ ಉಜ್ಜಿ ತೊಳೆದು, ಬಿಸಿಬಿಸಿಯಾದುದನ್ನಷ್ಟೇ ಮಾಡಲಿ. ಕೊಳೆಯಾದ ಕೈಗೆ ಸ್ಯಾನಿಟೈಸರ್ ಸಾಲದು.

ಓಆರ್‌ಎಸ್‌ನ ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೇ ಕದಡಿ. ಲೋಟದ ನೀರಿಗೆ ಅಂದಾಜಿನಲ್ಲಿ ಸುರಿದರೆ ಉಪ್ಪು ಹೆಚ್ಚಾಗಿ ಮಗುವಿಗೆ ಅಪಾಯ. 24 ಗಂಟೆಯಾದ ಮೇಲೆ ಉಳಿದದ್ದನ್ನು ಚೆಲ್ಲಿ. ಆರು ತಿಂಗಳು ದಾಟಿದ ಮಗುವಿಗೆ ವೈದ್ಯರು ದಿನಕ್ಕೆ 20 ಮಿಲಿಗ್ರಾಂ ಸತುವನ್ನೂ 10ರಿಂದ 14 ದಿನ ಬರೆದುಕೊಡುತ್ತಾರೆ. ರಕ್ತ ಬೀಳುತ್ತಿರುವಾಗ ಭೇದಿ ನಿಲ್ಲಿಸುವ ಲೋಪೆರಮೈಡ್ ಬೇಡವೇ ಬೇಡ.

ಔಷಧಿ ಅಂಗಡಿಯಲ್ಲಿ ಕೇಳಿ ತಂದ ಆ್ಯಂಟಿಬಯೋಟಿಕ್ ನುಂಗಬೇಡಿ. ಎಷ್ಟೋ ಮಾತ್ರೆಗಳಿಗೆ ಶಿಗೆಲ್ಲಾ ಈಗ ಬಗ್ಗುವುದಿಲ್ಲ. ಯಾವುದಕ್ಕೆ ಬಗ್ಗುತ್ತದೆಂದು ಹೇಳುವುದು ಮಲದ ಕಲ್ಚರ್ ಪರೀಕ್ಷೆ, ಅಂದರೆ ಮಲದಲ್ಲಿನ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವುದು. ಮೊದಲ ಮಾತ್ರೆಗೂ ಮುಂಚೆಯೇ ಮಾದರಿ ಕೊಡಿ, ತಡಮಾಡದೆ ಲ್ಯಾಬಿಗೆ ಮುಟ್ಟಿಸಿ. ದೇಹದ ಹೊರಗೆ, ಡಬ್ಬಿಯಲ್ಲಿ, ಈ ಬ್ಯಾಕ್ಟೀರಿಯಾ ಬೇಗ ಸಾಯುತ್ತದೆ. ಆಗ ರೋಗವಿದ್ದರೂ ವರದಿಯಲ್ಲಿ ಏನೂ ಇಲ್ಲವೆಂದೇ ಬರಬಹುದು.