‘ರೆಗನ್ಯಾರ್’ಗೆ ‘ಸ್ಕೋಲ್ಡ್’ ಅಂತ ಹಾಕಿದರೆ ಸಾಲದಾ?

ಸ್ಪ್ಯಾನಿಷ್‌ನಿಂದ ಇಂಗ್ಲಿಷಿಗೆ ಅನುವಾದ ಮಾಡುವುದು ನನ್ನ ಕೆಲಸ. ಸ್ಪ್ಯಾನಿಷ್ ಕಲಿಯುತ್ತಿರುವವರು ಸಿಕ್ಕಾಗಲೆಲ್ಲ ಒಂದು ಪ್ರಶ್ನೆ ಬರುತ್ತದೆ. ‘ರೆಗನ್ಯಾರ್ ಅಂದರೆ ಬೈಯುವುದು. ನಿಘಂಟಿನಲ್ಲಿ ಸ್ಕೋಲ್ಡ್ ಅಂತ ಇದೆ. ಅದನ್ನೇ ಹಾಕಿದರೆ ಆಯ್ತಲ್ವಾ?’

ಕೆಲವು ಕಡೆ ಆಗುತ್ತದೆ. ಜಾಸ್ತಿ ಕಡೆ ಆಗುವುದಿಲ್ಲ.

ಮೆಕ್ಸಿಕೋದ ಒಬ್ಬ ಹುಡುಗ ಸ್ವೆಟರನ್ನು ಶಾಲೆಯಲ್ಲೇ ಬಿಟ್ಟು ಬಂದಿದ್ದಾನೆ ಅಂದುಕೊಳ್ಳಿ. ಮನೆ ಬಾಗಿಲಿಗೆ ಬಂದಾಗ ನೆನಪಾಗುತ್ತದೆ. ‘ಮೆ ವಾನ್ ಅ ರೆಗನ್ಯಾರ್’ ಅನ್ನುತ್ತಾನೆ. ಪದಕ್ಕೆ ಪದ ಇಟ್ಟರೆ ‘ದೇ ಆರ್ ಗೋಯಿಂಗ್ ಟು ಸ್ಕೋಲ್ಡ್ ಮಿ’. ವ್ಯಾಕರಣ ಸರಿಯಿದೆ. ಆದರೆ ಓದುವವರಿಗೆ ತಕ್ಷಣ ಅನುಮಾನ ಬರುತ್ತದೆ, ಈ ‘ದೇ’ ಯಾರು? ಸ್ಪ್ಯಾನಿಷ್‌ನಲ್ಲಿ ಅಲ್ಲಿ ಯಾರ ಹೆಸರೂ ಇಲ್ಲ. ಕ್ರಿಯಾಪದ ಬಹುವಚನದಲ್ಲಿದೆ, ಅಷ್ಟೇ. ಅಮ್ಮ ಇರಬಹುದು, ಅಜ್ಜಿ ಇರಬಹುದು. ನಮಗೆ ಇದು ಹೊಸದಲ್ಲ. ‘ಮನೇಲಿ ಬೈತಾರೆ’ ಅಂತ ಹೇಳಿಕೊಂಡೇ ಬೆಳೆದವರು ನಾವು. ಯಾರು ಬೈತಾರೆ ಅಂತ ಯಾರೂ ಕೇಳಲಿಲ್ಲ. ಇಂಗ್ಲಿಷಿಗೆ ನಾನು ಬರೆಯುವುದು ‘ಐಯಾಮ್ ಗೋಯಿಂಗ್ ಟು ಗೆಟ್ ಇನ್ ಟ್ರಬಲ್’. ಬೈಯುವ ಮಾತೇ ಅಲ್ಲಿಲ್ಲ. ಆದರೆ ಇಂಗ್ಲಿಷ್ ಆಡುವ ಮಗು ಆ ಬಾಗಿಲ ಮುಂದೆ ನಿಂತರೆ ಹೇಳುವುದು ಅದನ್ನೇ.

‘ಸ್ಕೋಲ್ಡ್’ಗೆ ಇನ್ನೊಂದು ತೊಂದರೆ ಇದೆ. ಹಿಂದೆ ಅದು ಬಾಯಿ ಜೋರಿನ ಹೆಂಗಸಿಗೆ ಇಟ್ಟ ಹೆಸರಾಗಿತ್ತು. ಇಂಗ್ಲೆಂಡಿನಲ್ಲಿ ‘ಕಾಮನ್ ಸ್ಕೋಲ್ಡ್’ ಅನ್ನುವ ಅಪರಾಧವೇ ಇತ್ತು. ಅದನ್ನು ಕಾನೂನಿನಿಂದ ತೆಗೆದಿದ್ದು 1967ರಲ್ಲಿ! ಈಗ ಆ ಪದ ಪುಸ್ತಕದಲ್ಲಿ ಜಾಸ್ತಿ, ಬಾಯಲ್ಲಿ ಕಮ್ಮಿ. ಅಮ್ಮ ಬೈದರು ಅನ್ನುವುದಕ್ಕೆ ಬ್ರಿಟಿಷ್ ಮಕ್ಕಳು ‘ಟೋಲ್ಡ್ ಮಿ ಆಫ್’ ಅನ್ನುತ್ತಾರೆ. ಅಮೆರಿಕದ ಮಕ್ಕಳು, ಅಮ್ಮ ದನಿ ಏರಿಸದೇ ಇದ್ದರೂ, ‘ಯೆಲ್ಡ್ ಅಟ್ ಮಿ’ ಅನ್ನುತ್ತಾರೆ.

ಊರು ಬದಲಾದರೆ ಸ್ಪ್ಯಾನಿಷ್ ಪದವೂ ಬದಲಾಗುತ್ತದೆ. ಅರ್ಜೆಂಟೀನಾ, ಚಿಲಿ ಕಡೆ ಮಕ್ಕಳನ್ನು ಬೈಯುವುದು ‘ರೆತಾರ್’. ಬೇರೆ ಕಡೆ ಅದೇ ಪದಕ್ಕೆ ಸವಾಲು ಹಾಕುವುದು ಅಂತ ಅರ್ಥ. ಇದು ಗೊತ್ತಿಲ್ಲದೇ ಹೋದರೆ ಅರ್ಜೆಂಟೀನಾದ ಟೀಚರು ಇಂಗ್ಲಿಷಿನಲ್ಲಿ ಆರು ವರ್ಷದ ಮಗುವಿಗೆ ಸವಾಲು ಹಾಕಿಬಿಡುತ್ತಾರೆ. ಸ್ಪೇನಿನಲ್ಲಿ ‘ರೆನ್ಯೀರ್’ ಇದೆ, ಅದಕ್ಕೆ ಬೈಯುವುದು, ಜಗಳ ಆಡುವುದು ಎರಡೂ ಅರ್ಥ. ಯಾವುದು ಅಂತ ಗೊತ್ತಾಗುವುದು ಪಕ್ಕದ ಪುಟ್ಟ ಪದದಿಂದ.

‘ರೆಗನ್ಯಾರ್’ಗೂ ಹಳೇ ಅರ್ಥಗಳಿವೆ. ನಾಯಿ ಬೊಗಳದೆ ಹಲ್ಲು ಕಿರಿದು ಗುರ್ ಅನ್ನುವುದಕ್ಕೂ ಇದೇ ಪದ. ಹಣ್ಣು ಮಾಗಿ ಸಿಪ್ಪೆ ಬಿರಿಯುವುದಕ್ಕೂ ಇದೇ. ನನಗೆ ಈ ಪದದ ಮೇಲೆ ಪ್ರೀತಿ ಹುಟ್ಟಿದ್ದು ಅದು ಗೊತ್ತಾದ ಮೇಲೆ.

ಹಾಗಾಗಿ ನಾನು ಮೊದಲು ನೋಡುವುದು ಯಾರು ಯಾರಿಗೆ ಬೈತಿದ್ದಾರೆ, ಆಮೇಲೆ ಇಬ್ಬರೂ ಒಟ್ಟಿಗೆ ಊಟಕ್ಕೆ ಕೂರುತ್ತಾರಾ ಅಂತ. ಆಫೀಸಿನಲ್ಲಿ ಮೇಲಿನವರು ಲಿಖಿತವಾಗಿ ಕೊಟ್ಟಿದ್ದಾದರೆ ‘ರೆಪ್ರಿಮಾಂಡ್’ ಸರಿ. ಮನೆಯೊಳಗೆ ಅದು ನಡೆಯುವುದಿಲ್ಲ.

ಒಮ್ಮೆ ಒಂದು ಕಥೆಯಲ್ಲಿ ಸಕ್ಕರೆ ಕಾಯಿಲೆಯ ಅಜ್ಜಿ ಕದ್ದು ಸಿಹಿ ತಿನ್ನುವಾಗ ಮೊಮ್ಮಗಳ ಕೈಗೆ ಸಿಕ್ಕಿಬೀಳುತ್ತಾಳೆ. ‘ನೋ ಮೆ ರೆಗನ್ಯೆಸ್’ ಅನ್ನುತ್ತಾಳೆ. ಬೈಬೇಡ್ವೇ ಅಂತ. ‘ಡೋಂಟ್ ಸ್ಕೋಲ್ಡ್ ಮಿ’ ಅಂತ ಬರೆದೆ, ಅಜ್ಜಿ ಹೆದರಿದ ಹಾಗೆ ಕೇಳಿಸಿತು. ಎರಡು ದಿನ ಅದನ್ನೇ ಯೋಚಿಸುತ್ತಿದ್ದೆ. ಕೊನೆಗೆ ‘ಡೋಂಟ್ ಬಿ ಕ್ರಾಸ್ ವಿತ್ ಮಿ’ ಅಂತ ಇಟ್ಟೆ. ಅಜ್ಜಿ ಮಿಕ್ಕ ತುಂಡನ್ನೂ ಬಾಯಿಗೆ ಹಾಕಿಕೊಳ್ಳುವ ಮುಂದಿನ ಸಾಲು ಆಗ ತಾನಾಗಿಯೇ ಬಂತು.