ಗಾಳಿ ಹಿಡಿದ ಪಂಪು, ಗಂಗೆಯ ಬೋಟು

ಮೊನ್ನೆ ಶ್ರೀರಂಗಪಟ್ಟಣದ ಹತ್ತಿರದ ನಮ್ಮ ಗದ್ದೆಯ ಪಂಪು ಮತ್ತೆ ಗಾಳಿ ಹಿಡಿಯಿತು. ಮೋಟಾರು ಗುಂಯ್ ಅಂತ ಓಡುತ್ತಿದೆ, ಪೈಪಿನಲ್ಲಿ ತೊಟ್ಟು ನೀರಿಲ್ಲ. ಬಿಂದಿಗೆಯಿಂದ ನೀರು ಸುರಿದು ಗಾಳಿ ಬಿಡಿಸುತ್ತಾ ಕೂತಾಗ ಜೆಟ್ ಬೋಟ್ ನೆನಪಾಯಿತು. ಅದೂ ಪಂಪೇ ಅಲ್ವಾ?

1950ರ ದಶಕದಲ್ಲಿ ನ್ಯೂಜಿಲೆಂಡಿನ ಬಿಲ್ ಹ್ಯಾಮಿಲ್ಟನ್ ಇದನ್ನು ಪಳಗಿಸಿದ. ಆತನೂ ಕುರಿ ಸಾಕುವ ರೈತನೇ. ತಳದಿಂದ ನೀರು ಎಳೆದು ಹಿಂದಕ್ಕೆ ಚಿಮ್ಮಿಸಿದರೆ ಬೋಟ್ ಮುಂದಕ್ಕೆ ನುಗ್ಗುತ್ತದೆ. ಬೇರೆ ಮೋಟಾರ್ ಬೋಟುಗಳಂತೆ ಕೆಳಗೆ ಚಾಚಿದ ಫ್ಯಾನ್ ಇಲ್ಲ, ಬಂಡೆಗೆ ಬಡಿದು ಮುರಿಯುವ ಭಯವೂ ಇಲ್ಲ. ಆದರೆ ತಿರುಗಿಸುವುದೂ ಅದೇ ನೀರಿನ ಚಿಮ್ಮು. ಹಾಗಾಗಿ ಸುಳಿ ನೋಡಿ ಹೆದರಿ ಎಂಜಿನ್ ವೇಗ ಇಳಿಸಿದಿರೋ, ಸ್ಟೀರಿಂಗೂ ಹೋಯಿತು, ಆಮೇಲೆ ನದಿ ಕೊಂಡೊಯ್ದ ಕಡೆಗೆ ಹೋಗಬೇಕು. ಭೋರ್ಗರೆವ ಬಿಳಿ ನೊರೆಯಲ್ಲಿ ಗಾಳಿಯೇ ಜಾಸ್ತಿ. ಅದನ್ನು ಎಳೆದುಕೊಂಡರೆ ನಮ್ಮ ಪಂಪಿನದೇ ಕಥೆ: ಸದ್ದು ಜೋರು, ಬಲ ಸೊನ್ನೆ.

1960ರಲ್ಲಿ ಇಂಥ ಬೋಟುಗಳು ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಕೊಲೊರಾಡೊ ನದಿಯನ್ನು ಎದುರೇರಿದವು. 1977ರಲ್ಲಿ ಎಡ್ಮಂಡ್ ಹಿಲರಿ ಸಮುದ್ರದಿಂದ ಗಂಗೆಯ ಮೇಲಕ್ಕೆ ಹೊರಟು, ನಂದಪ್ರಯಾಗದ ಹತ್ತಿರ ಜಲಪಾತ ಅಡ್ಡ ಬಂದು ನಿಂತರು. ಎವರೆಸ್ಟ್ ಹತ್ತಿದವರನ್ನೂ ನೀರು ನಿಲ್ಲಿಸಿತು ನೋಡಿ.

ನನ್ನ ಸಾಹಸವೆಲ್ಲ ಹರಿಗೋಲಿನಲ್ಲಿ ಗಟ್ಟಿಯಾಗಿ ಅಂಚು ಹಿಡಿದು ಕೂರುವಷ್ಟೇ. ಮುತ್ತತ್ತಿಯ ಕಾವೇರಿ ಮೇಲಿಂದ ಶಾಂತ, ಒಳಗೆ ಸುಳಿ. ಅಲ್ಲಿ ಜೆಟ್ ಬೋಟ್ ಬೇಡವೇ ಬೇಡ.

ಅಂದಹಾಗೆ ನಾಲ್ಕನೇ ಬಿಂದಿಗೆಗೆ ಪಂಪು ನೀರು ಎತ್ತಿತು.