ಹಿಮದ ನಾಡಿನ ಲೆಕ್ಕ

ತಾಳವಾಡಿ, 18 ನವೆಂಬರ್ 2024

ಬೆಳಿಗ್ಗೆಯಿಂದ ಸೋನೆ. ಹಾಸನೂರು ಕಡೆಯ ಕೆಲಸ ನಿಂತಿತು. ತಾತ ನಿನ್ನೆ ಕೇಳಿದ ಪ್ರಶ್ನೆ ಮಾತ್ರ ತಲೆಯಲ್ಲಿ ಸುತ್ತುತ್ತಲೇ ಇದೆ.

ಕಡವೆ ಲೆಕ್ಕಕ್ಕೆ ಬಂದ ಹುಡುಗಿ ತಂದಿದ್ದ ಕಾಗದದಲ್ಲಿ ತಪ್ಪೇನಿಲ್ಲ. ಸ್ವೀಡನ್‌ನಲ್ಲಿ ಹಿಕ್ಕೆ ನೋಡಿ ಮೂಸ್, ಅಂದರೆ ಹಿಮನಾಡಿನ ಭಾರಿ ಜಿಂಕೆ, ಎಷ್ಟಿವೆ ಅಂತ ಅಂದಾಜಿಸುವ ಕ್ರಮ ಅದು. 5.64 ಮೀಟರ್ ತ್ರಿಜ್ಯದ ವೃತ್ತ, ಅಂದರೆ 100 ಚದರ ಮೀಟರ್. ಚಳಿಗಾಲಕ್ಕೆ ಮುಂಚೆ ಹಳೆ ಹಿಕ್ಕೆಯನ್ನೆಲ್ಲ ಗುಡಿಸಿ ಹಾಕಬೇಕು. ಹಿಮ ಕರಗಿದ ಮೇಲೆ, ಹುಲ್ಲು ಏಳುವ ಮೊದಲು, ಹೊಸ ಹಿಕ್ಕೆಯ ಗುಡ್ಡೆ ಎಣಿಸಬೇಕು. ಇದನ್ನೇ ಕಡವೆಗೆ ಮಾಡ್ತೀನಿ ಅಂದಳು.

ತಾತ ಎಲೆಗೆ ಸುಣ್ಣ ಸವರುತ್ತ ಕೇಳಿದ್ದು ಒಂದೇ.

"ಅಲ್ಲಿ ಹುಳ ಇಲ್ವಾ?"

"ಯಾವ ಹುಳ ತಾತ?"

"ಸಗಣಿ ಹುಳ ಕಣವ್ವ. ಮಳ ಬಿದ್ದ ರಾತ್ರಿ ಹಿಕ್ಕ ಉಳುದ್ರ ತಾನ ನೀನು ಎಣ್ಸದು?"

ಹಿಮ ಅಲ್ಲಿ ಹಿಕ್ಕೆಗೆ ಪೆಟ್ಟಿಗೆ ಇದ್ದ ಹಾಗೆ. ಚಳಿಗೆ ಹುಳವಿಲ್ಲ, ಕೊಳೆಯುವುದಿಲ್ಲ. ಮೇಲಾಗಿ ಚಳಿಗಾಲದಲ್ಲಿ ಮೂಸ್ ತಿನ್ನುವುದು ಕಡ್ಡಿ, ಚಿಗುರು. ಹಿಕ್ಕೆ ಗಟ್ಟಿ, ಬಿಡಿಬಿಡಿ. ಬೇಸಿಗೆಯಲ್ಲಿ ಎಳೆಸೊಪ್ಪು, ಜೊಂಡು ತಿಂದಾಗ ಅದೂ ದನದ ಸಗಣಿಯಂತೆ ಮೆತ್ತಗಾಗುತ್ತದೆ. ನಮ್ಮ ಕಡವೆಯದ್ದೂ ಮಳೆಗಾಲದ ಹಸಿ ಹುಲ್ಲಿಗೆ ಅಂಟಿ ಮುದ್ದೆಯಾಗುತ್ತದೆ. ಅದನ್ನು ಹುಳ ಉರುಳಿಸುತ್ತದೆ, ಗೆದ್ದಲು ಮಣ್ಣು ಮೆತ್ತುತ್ತದೆ, ಉಳಿದದ್ದು ಇಳಿಜಾರಿನಲ್ಲಿ ನೀರು ಪಾಲು. ಹಾಗಂತ ಮಳೆ ನಿಲ್ಲಲಿ ಎಂದು ಕಾದರೆ, ಜನವರಿ ದಾಟುತ್ತಲೇ ಎಲೆ ಉದುರಿ ಎಲ್ಲ ಮುಚ್ಚಿಕೊಳ್ಳುತ್ತದೆ. ಆಮೇಲೆ ಬೆಂಕಿ.

ಕಣ್ಣಲ್ಲೇ ಎಣಿಸಬಾರದೇ ಎಂದರೆ, ಅಮೆರಿಕದ ಐಲ್ ರಾಯಲ್ ದ್ವೀಪದಲ್ಲಿ ಹಾಗೇ ಮಾಡುತ್ತಾರೆ: ಬಿಳಿ ಹಿಮದ ಮೇಲೆ ಕಪ್ಪು ಮೂಸ್, ಮೇಲೆ ಪುಟ್ಟ ವಿಮಾನ. ಅಲ್ಲಿನ ತೋಳ-ಮೂಸ್ ಅಧ್ಯಯನ 1958ರಿಂದ ನಡೆದಿದೆ. ಕಡವೆ ಹೆಚ್ಚಾಗಿ ರಾತ್ರಿ ಮೇಯುವ ಪ್ರಾಣಿ, ಹಗಲು ಲಂಟಾನದೊಳಗೆ. ಗೊರಸು ಬಡಿದು ಕೂಗಿದಾಗಲೇ ಗೊತ್ತು ಅಲ್ಲಿತ್ತು ಅಂತ.

ಲೆಕ್ಕ ಹೇಗೆ ಕೆಡುತ್ತದೆ ಅಂತ ಅವಳಿಗೆ ಬರೆದು ತೋರಿಸಿದೆ. 40 ವೃತ್ತ ಅಂದರೆ 0.004 ಚದರ ಕಿಲೋಮೀಟರ್. 30 ದಿನಕ್ಕೆ 24 ಗುಡ್ಡೆ ಸಿಕ್ಕಿತು ಅನ್ನೋಣ. ಗುಡ್ಡೆಯನ್ನು ಜಾಗದಿಂದ, ದಿನದಿಂದ, ಒಂದು ಪ್ರಾಣಿ ದಿನಕ್ಕೆ ಹಾಕುವ ಗುಡ್ಡೆಯಿಂದ ಭಾಗಿಸಬೇಕು. ಮೂಸ್‌ಗೆ ಹಿಡಿಯುವ 14 ಹಾಕಿದರೆ ಚದರ ಕಿಲೋಮೀಟರಿಗೆ 14 ಕಡವೆ. ದಿನಕ್ಕೆ 14 ಗುಡ್ಡೆಯ ಬದಲು 25 ಹಾಕಿ, 8 ಆಯಿತು! ಕಾಡಲ್ಲಿ ಒಂದು ಕಡವೆಯೂ ಸತ್ತಿಲ್ಲ. ಅರ್ಧ ಗುಡ್ಡೆ ಹುಳದ ಪಾಲಾಗಿದ್ದರೆ ಎರಡೂ ಉತ್ತರ ದುಪ್ಪಟ್ಟಾಗಬೇಕು.

ಅವಳ ಮುಖ ಬಾಡಿತು. ಪಾಪ, ಹಾಸ್ಟೆಲಿನಿಂದ ಮೂರು ಬಸ್ ಬದಲಿಸಿ ಬಂದವಳು.

ಗುಡಿಸಿದ ವೃತ್ತ ಮತ್ತೆ ಹುಡುಕಲು ಜಿಪಿಎಸ್ ಇದೆಯಲ್ಲ ಸಾರ್ ಅಂದಳು. ಮರದಡಿ ಫೋನಿನ ತಪ್ಪೇ ಐದು ಮೀಟರ್ ದಾಟುತ್ತದೆ, ವೃತ್ತದ ತ್ರಿಜ್ಯಕ್ಕೆ ಸಮ. ಗುಡಿಸಿದ್ದು ಒಂದು ಕಡೆ, ಎಣಿಸುವುದು ಪಕ್ಕದಲ್ಲಿ. ಹಳೆ ಹಿಕ್ಕೆಯೆಲ್ಲ ಹೊಸದಾಗುತ್ತದೆ. ನಡುವೆ ಕಬ್ಬಿಣದ ಮೊಳೆಯನ್ನು ನೆಲಮಟ್ಟಕ್ಕೆ ಹೊಡೆದು, ಹತ್ತಿರದ ಎರಡು ಕಲ್ಲಿಗೆ ಬಣ್ಣ ಹಚ್ಚಿ, ದೂರ ಬರೆದಿಡಬೇಕು. ಎತ್ತರದ ಕೋಲು ನೆಟ್ಟರೆ ಆನೆ ಸುಮ್ಮನಿರಲ್ಲ. ನೈಲಾನ್ ಹಗ್ಗ ಹಿಗ್ಗುತ್ತದೆ, ಅಳತೆಗೆ ಸರಪಣಿಯೇ ಸರಿ. ಅಂಚಿನ ಗುಡ್ಡೆಯಲ್ಲಿ ಅರ್ಧಕ್ಕಿಂತ ಹೆಚ್ಚು ಒಳಗಿದ್ದರೆ ಮಾತ್ರ ಎಣಿಕೆ. ನಡೆಯುತ್ತಾ ಹಾಕಿದ್ದು ಸಾಲಾಗಿ ಚೆಲ್ಲಿರುತ್ತದೆ, ಅದು ಒಂದೇ ಗುಡ್ಡೆ. ಎಳೆ ಕಡವೆ ಹಿಕ್ಕೆಗೂ ದೊಡ್ಡ ಜಿಂಕೆಯದ್ದಕ್ಕೂ ಗಾತ್ರದಲ್ಲಿ ವ್ಯತ್ಯಾಸ ಸಿಗುವುದಿಲ್ಲ. ಅನುಮಾನವಿದ್ದರೆ ಬೇರೆ ಕಾಲಂ.

ಮೊದಲು ಬೇಕಾದದ್ದು ತಾತನ ಪ್ರಶ್ನೆಗೆ ಉತ್ತರ. ಆ ದಿನವೇ ಬಿದ್ದ 30 ಗುಡ್ಡೆ ಗುರುತಿಟ್ಟು, ಎರಡು ದಿನಕ್ಕೊಮ್ಮೆ ನೋಡಿ, ಎಷ್ಟು ಉಳಿದವು ಅಂತ ಬರೆಯುವುದು. ಆದರೆ ಹಳ್ಳದ ಬದಿಯ ತಂಪಿನಲ್ಲಿ ಹುಳ ಜಾಸ್ತಿ, ದಿಣ್ಣೆಯಲ್ಲಿ ಒಣಗಿ ಉಳಿಯುತ್ತದೆ. ಎರಡಕ್ಕೂ ಬೇರೆ ಬೇರೆ 30 ಬೇಕೆಂದರೆ ತಾತನಿಗೆ ಇನ್ನೊಂದು ಆಳು, ಅದೂ ಬಣ್ಣದ ಡಬ್ಬ ಖಾಲಿಯಾಗಿರುವಾಗ